ಲಿಖಿತ ರಾಜ್ಯಾಂಗವೂ ರಾಷ್ಟ್ರರಕ್ಷಣೆಯೂ



ರಾಷ್ಟ್ರದ ರಕ್ಷಣೆ ಎಂದೊಡನೆ ನಮ್ಮ ಕಣ್ಣೆದುರು ಬಂದು ನಿಲ್ಲುವುದು ಸೈನ್ಯ, ಕೋಟೆ, ತೋಪು, ವಿಮಾನ. ಇವು ಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ಸೈನ್ಯಕ್ಕೆ ಅಪ್ಪಣೆ ಕೊಡುವವರು ಯಾರು? ಆ ಅಧಿಕಾರ ಅವರಿಗೆ ಬಂದುದೆಲ್ಲಿಂದ? ಅವರು ದಾರಿ ತಪ್ಪಿದರೆ ಕೇಳತಕ್ಕವರು ಯಾರು? ಒಂದು ಪ್ರಾಂತದ ಜನ ತಮಗೆ ಅನ್ಯಾಯವಾಯಿತೆಂದು ಕೂಗಿದರೆ ಅದನ್ನು ಯಾವ ಕಟ್ಟೆಯ ಮೇಲೆ ಕುಳಿತು, ಯಾವ ನಿಯಮಕ್ಕನುಸಾರವಾಗಿ ತೀರ್ಮಾನಿಸಬೇಕು? ಈ ಪ್ರಶ್ನೆಗಳಿಗೆ ಜಗಳ ಹುಟ್ಟುವುದಕ್ಕೆ ಮೊದಲೇ ಉತ್ತರ ಬರೆದಿಟ್ಟಿರುವ ಪತ್ರಕ್ಕೇ ರಾಜ್ಯಾಂಗವೆಂದು ಹೆಸರು. ಸಂವಿಧಾನವೆಂದು ನಾವು ಕರೆಯುವುದೂ ಇದನ್ನೇ. ಇಂಥ ಪತ್ರವಿಲ್ಲದ ರಾಷ್ಟ್ರಕ್ಕೆ ಎಷ್ಟು ಸೈನ್ಯವಿದ್ದರೂ ಒಳಗಿನಿಂದ ಒಂದು ಅಪಾಯ ಕಾದೇ ಇರುತ್ತದೆ ಎಂಬುದನ್ನು ಇಂದು ತಮ್ಮ ಮುಂದೆ ನಿವೇದಿಸಲು ನಾವು ಬಂದಿದ್ದೇವೆ.

ಇದು ಪಂಡಿತರ ವಿಷಯ, ಹೊಲಗೆಲಸ ಮಾಡುವ ನಮಗೇಕೆ ಎಂದು ಯಾರೂ ಭಾವಿಸಬಾರದು. ನಮ್ಮ ಊರುಗಳಲ್ಲಿ ಅಣ್ಣತಮ್ಮಂದಿರು ಕೂಡಿ ಬಾಳುತ್ತಿರುವಷ್ಟು ಕಾಲ ಪಾಲುಪಟ್ಟಿಯ ಚಿಂತೆ ಯಾರಿಗೂ ಇರುವುದಿಲ್ಲ. ಯಾವ ಹೊಲ ಯಾರು ಉಳಬೇಕು, ಬಾವಿಯ ನೀರು ಯಾವ ದಿನ ಯಾರಿಗೆ ಎಂಬುದನ್ನು ಹಿರಿಯರ ಬಾಯಿಮಾತೇ ನಡೆಸುತ್ತದೆ. ಆ ಹಿರಿಯರು ಕಣ್ಣು ಮುಚ್ಚಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ನೆನಪು. ಬಾಂದುಕಲ್ಲು ಕಿತ್ತಿದ್ದರೆ, ಕಾಗದವೂ ಇಲ್ಲದಿದ್ದರೆ, ಕೊನೆಗೆ ನಿಲ್ಲುವುದು ಬಡಿಗೆಯುಳ್ಳವನ ಮಾತು. ಮನೆಗೆ ಹೇಗೋ ರಾಷ್ಟ್ರಕ್ಕೂ ಹಾಗೆಯೇ. ನಮ್ಮ ನೆರೆಯಲ್ಲಿಯೇ ನಡೆದ ಒಂದು ಚರಿತ್ರೆ ಇದಕ್ಕೆ ಸಾಕ್ಷಿಯಾಗಿದೆ.

1947ರ ಆಗಸ್ಟ್ ತಿಂಗಳಲ್ಲಿ ಭಾರತವೂ ಪಾಕಿಸ್ತಾನವೂ ಒಂದೇ ಆಡಳಿತದ ಒಡಲಿನಿಂದ ಹೊರಬಂದುವು. ಅಂದು ಎರಡಕ್ಕೂ ಇದ್ದ ಆಧಾರ ಒಂದೇ. ಬ್ರಿಟಿಷ್ ಪಾರ್ಲಿಮೆಂಟು ಮಾಡಿದ್ದ 1935ರ ಭಾರತ ಸರ್ಕಾರದ ಕಾಯಿದೆ ಹಾಗೂ 1947ರ ಸ್ವಾತಂತ್ರ್ಯ ಕಾಯಿದೆ, ಇವೆರಡೇ ಆ ಆಧಾರ. ಆಳುವವರು ಆಳಿಸಿಕೊಳ್ಳುವವರಿಗಾಗಿ ಮಾಡಿದ ಕಾಯಿದೆಯದು. ಗವರ್ನರ್ ಜನರಲ್ಲರ ಕೈಯಲ್ಲಿ ಅಧಿಕಾರವನ್ನು ತುಂಬಿಟ್ಟಿದ್ದ ಕಾಯಿದೆ. ಹೊಸ ಮನೆ ಏಳುವ ತನಕ ಅದು ಚಪ್ಪರವಾಗಿ ಉಪಯೋಗಕ್ಕೆ ಬಂದೀತು. ಭಾರತ ಮೂರು ವರ್ಷ ತುಂಬುವ ಮೊದಲೇ ಸ್ವಂತ ಮನೆ ಕಟ್ಟಿಕೊಂಡು 1950ರ ಜನವರಿ 26ರಂದು ಅದನ್ನು ಹೊಕ್ಕಿತು. ಪಾಕಿಸ್ತಾನವು ಎಂಟೂವರೆ ವರ್ಷ ಚಪ್ಪರದ ಕೆಳಗೇ ಕಳೆಯಿತು.

ಆ ದೇಶದ ಹಿರಿಯರಾದ ಮಹಮ್ಮದ್ ಆಲಿ ಜಿನ್ನಾ ಅವರು ಸ್ವಾತಂತ್ರ್ಯ ಬಂದು ಹದಿಮೂರು ತಿಂಗಳಾಗುವಷ್ಟರಲ್ಲಿ, 1948ರ ಸೆಪ್ಟೆಂಬರ್ 11ರಂದು ತೀರಿಕೊಂಡರು. ಮೊದಲ ಪ್ರಧಾನಮಂತ್ರಿ ಲಿಯಾಕತ್ ಆಲಿ ಖಾನರು 1951ರ ಅಕ್ಟೋಬರ್ 16ರಂದು ರಾವಲ್ಪಿಂಡಿಯ ಸಭೆಯೊಂದರಲ್ಲಿ ಗುಂಡಿಗೆ ಬಲಿಯಾದರು. ಬಾಯಿಮಾತಿನಿಂದ ಮನೆಯನ್ನು ನಡೆಸುತ್ತಿದ್ದ ಹಿರಿಯರು ಹೋದರು. ಪಾಲುಪಟ್ಟಿ ಇನ್ನೂ ಬರೆದಾಗಿರಲಿಲ್ಲ. ರಾಜ್ಯಾಂಗ ರಚನೆಗೆಂದು ಇದ್ದ ಸಭೆ 1949ರ ಮಾರ್ಚಿಯಲ್ಲಿ ಧ್ಯೇಯಗಳ ನಿರ್ಣಯವೊಂದನ್ನು ಅಂಗೀಕರಿಸಿತು. ಆದರೆ ಸಾವಿರ ಮೈಲಿ ದೂರದಲ್ಲಿದ್ದ ಎರಡು ಭಾಗಗಳಿಗೆ ಎಷ್ಟೆಷ್ಟು ಸ್ಥಾನ, ಯಾವ ಭಾಷೆಗೆ ಎಂಥ ಮನ್ನಣೆ, ಪ್ರಾಂತಗಳಿಗೆ ಎಷ್ಟು ಸ್ವಾತಂತ್ರ್ಯ ಎಂಬ ಮುಖ್ಯ ವಿಷಯಗಳು ಇತ್ಯರ್ಥವಾಗದೆ ಉಳಿದುವು.

ಮುಂದೆ ನಡೆದುದನ್ನು ಗಮನಿಸಿರಿ. 1953ರ ಏಪ್ರಿಲ್ 17ರಂದು ಗವರ್ನರ್ ಜನರಲ್ ಗುಲಾಂ ಮಹಮ್ಮದರು ಪ್ರಧಾನಮಂತ್ರಿ ಖ್ವಾಜಾ ನಜೀಮುದ್ದೀನರನ್ನು ಪದಚ್ಯುತಗೊಳಿಸಿದರು. ಪ್ರಧಾನಿಗೆ ಸಭೆಯಲ್ಲಿ ಬಹುಮತವಿತ್ತು. ಆಯವ್ಯಯವು ಆಗ ತಾನೇ ಅಂಗೀಕೃತವಾಗಿತ್ತು. ಆದರೂ ಹಳೆಯ ಕಾಯಿದೆಯ ಅಕ್ಷರವನ್ನು ಹಿಡಿದು ಅವರನ್ನು ಮನೆಗೆ ಕಳುಹಿಸಲಾಯಿತು. ಇಂಥದು ಮರುಕಳಿಸಬಾರದೆಂದು ರಾಜ್ಯಾಂಗಸಭೆಯು 1954ರ ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ಲರ ಆ ಅಧಿಕಾರವನ್ನು ಮೊಟಕುಗೊಳಿಸಿತು. ಒಂದು ತಿಂಗಳು ಕಳೆಯಿತು. ಅಕ್ಟೋಬರ್ 24ರಂದು ಗವರ್ನರ್ ಜನರಲ್ಲರು ರಾಜ್ಯಾಂಗಸಭೆಯನ್ನೇ ವಿಸರ್ಜಿಸಿಬಿಟ್ಟರು. ಏಳು ವರ್ಷ ದುಡಿದು ಕರಡು ಸಿದ್ಧವಾಗುತ್ತ ಬಂದಿದ್ದ ವೇಳೆಯದು.

ಸಭೆಯ ಅಧ್ಯಕ್ಷರಾದ ಮೌಲ್ವಿ ತಮೀಜುದ್ದೀನ್ ಖಾನರು ನ್ಯಾಯಾಲಯಕ್ಕೆ ಹೋದರು. ಸಿಂಧ್ ಪ್ರಾಂತದ ಮುಖ್ಯ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. 1955ರ ಮಾರ್ಚಿಯಲ್ಲಿ ಫೆಡರಲ್ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಕಾರಣವೇನು? ರಾಜ್ಯಾಂಗಸಭೆ ಮಾಡಿದ ಕಾನೂನುಗಳಿಗೆ ಗವರ್ನರ್ ಜನರಲ್ಲರ ಒಪ್ಪಿಗೆಯ ಸಹಿ ಬಿದ್ದಿರಲಿಲ್ಲ. ಆದುದರಿಂದ ನ್ಯಾಯಾಲಯಕ್ಕೆ ಈ ದೂರನ್ನು ಕೇಳುವ ಅಧಿಕಾರ ಕೊಟ್ಟ ಕಾನೂನೇ ಅಸಿಂಧು ಎಂದು! ಒಬ್ಬ ನ್ಯಾಯಮೂರ್ತಿ, ಕಾರ್ನೀಲಿಯಸ್ ಅವರು, ಇದನ್ನು ಒಪ್ಪದೆ ಬೇರೆ ತೀರ್ಪು ಬರೆದರು. ಆದರೆ ಬಹುಮತದ ತೀರ್ಪಿನಿಂದ ಆ ದೇಶದ ಹಲವು ಕಾನೂನುಗಳ ಬುಡವೇ ಅಲುಗಾಡಿತು. ಕೊನೆಗೆ ಅದೇ ನ್ಯಾಯಾಲಯ, ಅನಿವಾರ್ಯತೆ ಬಂದಾಗ ನಿಯಮವಿಲ್ಲದ ಕೆಲಸವೂ ನಿಯಮವಾಗುತ್ತದೆ ಎಂಬ ತತ್ತ್ವವನ್ನು ಹಿಡಿದು ಪರಿಸ್ಥಿತಿಯನ್ನು ತೇಪೆ ಹಾಕಬೇಕಾಯಿತು. ಒಮ್ಮೆ ಆ ಬಾಗಿಲು ತೆರೆದ ಮೇಲೆ ಅದರಿಂದ ಯಾರು ಯಾರು ಒಳನುಗ್ಗಿದರೆಂಬುದನ್ನು ಮುಂದಿನ ಚರಿತ್ರೆ ಹೇಳುತ್ತದೆ.

ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆಯಿತು. 1954ರ ಅಕ್ಟೋಬರಿನಲ್ಲಿ ರಚಿತವಾದ ಹೊಸ ಮಂತ್ರಿಮಂಡಲದಲ್ಲಿ ಸರಸೇನಾಪತಿ ಅಯೂಬ್ ಖಾನರೇ ರಕ್ಷಣಾಮಂತ್ರಿಯಾದರು. ಸೇನಾಪತಿಯ ಹುದ್ದೆಯನ್ನೂ ಬಿಡಲಿಲ್ಲ. ಅಪ್ಪಣೆ ಕೊಡುವವನೂ ಅಪ್ಪಣೆ ಪಾಲಿಸುವವನೂ ಒಬ್ಬನೇ ಆದಾಗ ಲೆಕ್ಕ ಕೇಳುವವರು ಯಾರೂ ಉಳಿಯುವುದಿಲ್ಲ. ಗವರ್ನರ್ ಜನರಲ್, ಪ್ರಧಾನಿ, ಸಭೆ, ನ್ಯಾಯಾಲಯ ಇವರೊಳಗೆ ಯಾರು ಮೇಲು ಎಂಬುದು ನಿಶ್ಚಯವಾಗದ ಕಡೆ, ಪಂಚಾಯಿತಿ ಮಾಡುವುದಕ್ಕೆ ಆಯುಧ ಹಿಡಿದವನು ಬಂದು ಕುಳಿತುಕೊಳ್ಳುತ್ತಾನೆ. 1956ರ ಮಾರ್ಚಿ 23ರಂದು ಕಡೆಗೂ ಒಂದು ರಾಜ್ಯಾಂಗ ಜಾರಿಗೆ ಬಂತು. ಅದರ ಮೇರೆಗೆ ಒಂದಾದರೂ ಸಾರ್ವತ್ರಿಕ ಚುನಾವಣೆ ನಡೆಯುವ ಮೊದಲೇ, 1958ರ ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಜಾ ಅದನ್ನು ರದ್ದುಪಡಿಸಿ ಸೈನಿಕ ಶಾಸನವನ್ನು ಸಾರಿದರು. ಇಪ್ಪತ್ತು ದಿನಗಳಲ್ಲಿ ಅಯೂಬ್ ಖಾನರು ಮಿರ್ಜಾರನ್ನೂ ಕೆಳಗಿಳಿಸಿದರು.

ಬಂಧುಗಳೇ, ಈ ಕಥೆಯಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ನಾಟುವ ಭಾಗ ಭಾಷೆಯದು. ಪಾಕಿಸ್ತಾನದ ಅರ್ಧಕ್ಕಿಂತ ಹೆಚ್ಚು ಜನ ಪೂರ್ವ ಬಂಗಾಳದಲ್ಲಿದ್ದರು. ಅವರ ನುಡಿ ಬಂಗಾಳಿ. 1948ರ ಫೆಬ್ರವರಿಯಲ್ಲಿ ಧೀರೇಂದ್ರನಾಥ ದತ್ತರೆಂಬ ಸದಸ್ಯರು, ರಾಜ್ಯಾಂಗಸಭೆಯಲ್ಲಿ ಬಂಗಾಳಿಯಲ್ಲಿಯೂ ಮಾತನಾಡಲು ಅವಕಾಶವಿರಲಿ ಎಂದು ತಿದ್ದುಪಡಿ ತಂದರು. ಅದು ಬಿದ್ದುಹೋಯಿತು. ಮರುತಿಂಗಳು ಢಾಕಾ ನಗರದಲ್ಲಿ ಜಿನ್ನಾ ಅವರೇ, ರಾಷ್ಟ್ರಭಾಷೆ ಉರ್ದು ಒಂದೇ ಎಂದು ಘೋಷಿಸಿದರು. ತಮ್ಮ ನುಡಿಯ ಹಕ್ಕಿಗೆ ಬರಹದ ಆಸರೆ ಯಾವುದೂ ಇಲ್ಲದೆ ಹೋದಾಗ ವಿದ್ಯಾರ್ಥಿಗಳು ಬೀದಿಗಿಳಿದರು. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಅವರ ಮೇಲೆ ಗುಂಡು ಹಾರಿತು, ತರುಣರು ಸತ್ತರು. ಇಂದು ಪ್ರಪಂಚವೆಲ್ಲ ಆ ದಿನವನ್ನು ಮಾತೃಭಾಷಾ ದಿನವಾಗಿ ಆಚರಿಸುತ್ತಿದೆ. 1956ರ ರಾಜ್ಯಾಂಗದಲ್ಲಿ ಬಂಗಾಳಿಗೂ ರಾಷ್ಟ್ರಭಾಷೆಯ ಸ್ಥಾನ ದೊರೆಯಿತೆಂಬುದು ನಿಜ. ಆದರೆ ರಕ್ತ ಹರಿದ ಮೇಲೆ ಬರೆದ ಮಾತಿಗೂ ಮೊದಲೇ ಪ್ರೀತಿಯಿಂದ ಬರೆದುಕೊಟ್ಟ ಮಾತಿಗೂ ಅಂತರವಿದೆ. ಅದರ ಮೇಲೆ, ಬರೆದ ಆ ಪತ್ರವೇ ಎರಡೂವರೆ ವರ್ಷಕ್ಕೆ ಹರಿದುಹೋಯಿತು.

1962ರಲ್ಲಿ ಅಯೂಬ್ ಖಾನರು ತಾವೇ ಇನ್ನೊಂದು ರಾಜ್ಯಾಂಗವನ್ನು ಕೊಟ್ಟರು. 1969ರ ಮಾರ್ಚಿಯಲ್ಲಿ ಅಧಿಕಾರ ಬಿಡುವಾಗ ಅದನ್ನೂ ಬದಿಗೊತ್ತಿ ಸೇನಾಪತಿ ಯಾಹ್ಯಾ ಖಾನರ ಕೈಗೆ ದೇಶವನ್ನು ಒಪ್ಪಿಸಿದರು. 1970ರ ಡಿಸೆಂಬರಿನಲ್ಲಿ ಮಹಾಚುನಾವಣೆ ನಡೆದಾಗ ದೇಶದಲ್ಲಿ ರಾಜ್ಯಾಂಗವೇ ಇರಲಿಲ್ಲ. ಇದ್ದುದು ಸೇನಾಡಳಿತದ ಒಂದು ಹುಕುಂ. ಆರಿಸಿಬಂದ ಸಭೆ 120 ದಿನಗಳೊಳಗೆ ರಾಜ್ಯಾಂಗವನ್ನು ಬರೆಯಬೇಕು, ಅಧ್ಯಕ್ಷರು ಒಪ್ಪಿದರೆ ಮಾತ್ರ ಅದು ಊರ್ಜಿತ ಎಂದು ಆ ಹುಕುಂ ಹೇಳಿತ್ತು. ಶೇಖ್ ಮುಜೀಬುರ್ ರಹಮಾನರ ಅವಾಮಿ ಲೀಗ್ ಪಕ್ಷ ಪೂರ್ವದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಗೆದ್ದುಕೊಂಡಿತು. ಇಡೀ ದೇಶದಲ್ಲಿ ಅದಕ್ಕೇ ಬಹುಮತ. ಬೇರೆ ದೇಶದಲ್ಲಾಗಿದ್ದರೆ ಮರುವಾರ ಹೊಸ ಪ್ರಧಾನಿಯ ಪ್ರಮಾಣವಚನವಾಗುತ್ತಿತ್ತು. ಇಲ್ಲಿ ಗೆದ್ದವರಿಗೆ ಅಧಿಕಾರ ಸಲ್ಲಲೇಬೇಕೆಂದು ಹೇಳುವ ಪತ್ರವಿರಲಿಲ್ಲ. 1971ರ ಮಾರ್ಚಿ 3ಕ್ಕೆ ಕರೆದಿದ್ದ ಸಭೆಯನ್ನು ಎರಡು ದಿನ ಮುಂಚೆ ಮುಂದೂಡಿದರು. ಮಾರ್ಚಿ 25ರ ರಾತ್ರಿ ಸೈನ್ಯವು ತನ್ನ ಪ್ರಜೆಗಳ ಮೇಲೆಯೇ ತಿರುಗಿಬಿತ್ತು. ಬಂಗಾಳಿಗಾಗಿ ಮೊದಲು ದನಿಯೆತ್ತಿದ ವೃದ್ಧ ಧೀರೇಂದ್ರನಾಥ ದತ್ತರನ್ನೂ ಸೈನಿಕರು ಹಿಡಿದೊಯ್ದು ಕೊಂದರು. ಅದೇ ವರ್ಷ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಪೂರ್ವ ಸೇನೆ ಶರಣಾಯಿತು, ಸುಮಾರು 93,000 ಜನ ಸೆರೆಯಾದರು, ದೇಶ ಎರಡಾಯಿತು.

ರಾಜ್ಯಾಂಗದ ಅಭಾವವೊಂದೇ ಆ ದೇಶವನ್ನು ಒಡೆಯಿತೆಂದು ನಾವು ಹೇಳುವುದಿಲ್ಲ. ಆರ್ಥಿಕ ವಿಷಮತೆಯಿತ್ತು, ದೂರವಿತ್ತು, ಅಧಿಕಾರದ ದರ್ಪವಿತ್ತು. ಆದರೆ ಈ ರೋಗಗಳೆಲ್ಲ ಎಲ್ಲ ದೇಶಗಳಲ್ಲಿಯೂ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇವೆ. ಅವುಗಳಿಗೆ ಮದ್ದು ಕೇಳುವ ದಾರಿ ಅಲ್ಲಿರಲಿಲ್ಲ. ದೂರು ಹೇಳಿಕೊಳ್ಳಲು ಬಾಗಿಲಿಲ್ಲದ ಮನೆಯಲ್ಲಿ ಜನ ಗೋಡೆಯನ್ನು ಒಡೆಯುತ್ತಾರೆ. ಪಾಕಿಸ್ತಾನಕ್ಕೆ ಸೈನ್ಯದ ಕೊರತೆಯಿರಲಿಲ್ಲ ಎಂಬುದನ್ನು ಮಾತ್ರ ನಾವು ನೆನಪಿಡಬೇಕು.

ಇನ್ನೊಂದು ದೇಶದ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1948ರ ಮೇ 14ರಂದು ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದಾಗ, ಅದೇ ವರ್ಷದ ಅಕ್ಟೋಬರ್ 1ರೊಳಗೆ ರಾಜ್ಯಾಂಗ ಸಿದ್ಧವಾಗುವುದೆಂದು ಘೋಷಣೆಯಲ್ಲಿ ಬರೆದಿದ್ದರು. ಯುದ್ಧ ಬಂತು, ಅಭಿಪ್ರಾಯಭೇದಗಳು ಬಂದುವು. 1950ರಲ್ಲಿ ಅಲ್ಲಿಯ ಶಾಸನಸಭೆ, ಒಂದೇ ಗ್ರಂಥದ ಬದಲು ಅಧ್ಯಾಯ ಅಧ್ಯಾಯವಾಗಿ ಮೂಲಶಾಸನಗಳನ್ನು ಮಾಡುತ್ತ ಹೋಗೋಣವೆಂದು ನಿರ್ಣಯಿಸಿತು. ಸೈನ್ಯದ ಅಧ್ಯಾಯ ಬರೆಯದೆಯೇ ಇಪ್ಪತ್ತೈದು ವರ್ಷ ಕಳೆದುವು. 1973ರ ಅಕ್ಟೋಬರಿನಲ್ಲಿ ಈಜಿಪ್ಟ್ ಮತ್ತು ಸಿರಿಯಾ ದೇಶಗಳು ಹಠಾತ್ತನೆ ಮೇಲೆಬಿದ್ದಾಗ ಆ ದೇಶಕ್ಕೆ ಭಾರಿ ಪೆಟ್ಟು ತಗಲಿತು. ತಪ್ಪು ಯಾರದೆಂದು ವಿಚಾರಿಸಲು ನ್ಯಾಯಮೂರ್ತಿ ಅಗ್ರಾನಾತರ ನೇತೃತ್ವದಲ್ಲಿ ಆಯೋಗ ಕುಳಿತಿತು. ಮಂತ್ರಿಮಂಡಲ, ಪ್ರಧಾನಿ, ರಕ್ಷಣಾಮಂತ್ರಿ, ಸೇನಾಮುಖ್ಯಸ್ಥ ಇವರಲ್ಲಿ ಯಾವ ಹೊಣೆ ಯಾರದೆಂಬುದು ಎಲ್ಲಿಯೂ ಸ್ಪಷ್ಟವಾಗಿ ಬರೆದಿಲ್ಲವೆಂಬುದು ಆಯೋಗಕ್ಕೆ ಕಂಡುಬಂತು. ಸೇನಾಮುಖ್ಯಸ್ಥರು ಹುದ್ದೆ ಬಿಟ್ಟರು, ರಕ್ಷಣಾಮಂತ್ರಿಯ ಹೊಣೆಯನ್ನು ಆಯೋಗ ಗೊತ್ತುಮಾಡಲಿಲ್ಲ, ಜನ ಕೆರಳಿದರು. ಆಮೇಲೆ, 1976ರಲ್ಲಿ, ಸೈನ್ಯ ಸರ್ಕಾರಕ್ಕೆ ಅಧೀನ, ಸೇನಾಮುಖ್ಯಸ್ಥ ರಕ್ಷಣಾಮಂತ್ರಿಗೆ ಅಧೀನ ಎಂದು ಮೂಲಶಾಸನ ಬರೆದರು. ಮಳೆ ಸುರಿದು ಹೋದ ಮೇಲೆ ಮಾಡು ಹೊದಿಸಿದಂತಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ನ್ಯಾಯಾಲಯಕ್ಕೂ ಶಾಸನಸಭೆಗೂ ಇರುವ ಅಧಿಕಾರದ ಎಲ್ಲೆ ಅಲ್ಲಿ ಇತ್ಯರ್ಥವಾಗದೆ ಉಳಿದಿತ್ತು. 2023ರಲ್ಲಿ ಸರ್ಕಾರ ನ್ಯಾಯಾಲಯದ ಅಧಿಕಾರವನ್ನು ತಗ್ಗಿಸಹೊರಟಾಗ ಲಕ್ಷಾಂತರ ಜನ ಬೀದಿಗೆ ಬಂದರು. ಸಾವಿರಾರು ಮೀಸಲು ಸೈನಿಕರು ತಾವು ಸ್ವಯಂಸೇವೆಗೆ ಬರುವುದಿಲ್ಲವೆಂದು ಸಾರಿದರು. ಈ ಒಡಕು ದೇಶದ ಭದ್ರತೆಗೇ ಅಪಾಯವೆಂದು ಬಹಿರಂಗವಾಗಿ ಹೇಳಿದವರು ಅಂದಿನ ರಕ್ಷಣಾಮಂತ್ರಿಗಳೇ. ಅದೇ ವರ್ಷ ಅಕ್ಟೋಬರ್ 7ರಂದು ಆ ದೇಶದ ಮೇಲೆ ಭೀಕರ ದಾಳಿಯಾಯಿತು. ಇದಕ್ಕೆ ಅದೇ ಕಾರಣವೆಂದು ನಾವು ಗಂಟುಹಾಕುವುದಿಲ್ಲ. ಯಾರ ಮಾತು ಕೊನೆಯದೆಂದು ತಿಳಿಯದ ದೇಶದಲ್ಲಿ ಸೈನಿಕನ ಮನಸ್ಸೂ ಎರಡಾಗುತ್ತದೆಂಬುದಷ್ಟೇ ನಮ್ಮ ಅಭಿಪ್ರಾಯ.

ಇಲ್ಲಿ ತಮ್ಮಲ್ಲಿ ಕೆಲವರು ಕೇಳಬಹುದು: ಇಂಗ್ಲೆಂಡಿಗೂ ಒಂದೇ ಗ್ರಂಥವಾಗಿ ಬರೆದ ರಾಜ್ಯಾಂಗವಿಲ್ಲ, ಅದು ಬಾಳಿಲ್ಲವೇ? ಪ್ರಶ್ನೆ ಯೋಗ್ಯವಾದುದು. ಶತಮಾನಗಳ ಸಂಪ್ರದಾಯ ಅಲ್ಲಿ ಕಾಗದದ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತಿದೆ. ಆದರೂ ಸೈನ್ಯದ ವಿಷಯವನ್ನು ಅವರು ಸಂಪ್ರದಾಯಕ್ಕೆ ಬಿಡಲಿಲ್ಲ. ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ಶಾಂತಿಕಾಲದಲ್ಲಿ ಸೈನ್ಯವನ್ನಿಡುವುದು ಕಾನೂನಿಗೆ ವಿರುದ್ಧವೆಂದು 1689ರಷ್ಟು ಹಿಂದೆಯೇ ಬರೆದಿಟ್ಟರು. ಬರೆಯದೆ ಬಿಟ್ಟ ಕಡೆ ಅವರಿಗೂ ತೊಡಕು ತಪ್ಪಲಿಲ್ಲ. ಯುದ್ಧಕ್ಕೆ ಹೋಗುವ ಮುನ್ನ ಪಾರ್ಲಿಮೆಂಟನ್ನು ಕೇಳಬೇಕೇ ಬೇಡವೇ? 2003ರಲ್ಲಿ ಇರಾಕಿನ ಯುದ್ಧಕ್ಕೆ ಮೊದಲು ಕೇಳಿದರು. 2013ರಲ್ಲಿ ಸಿರಿಯಾದ ವಿಷಯದಲ್ಲಿ ಕೇಳಿದಾಗ 272ಕ್ಕೆ 285 ಮತಗಳಿಂದ ಸಭೆ ಬೇಡವೆಂದಿತು. 2018ರಲ್ಲಿ ಅದೇ ಸಿರಿಯಾದ ಮೇಲೆ ಕೇಳದೆಯೇ ದಾಳಿ ನಡೆಸಿದರು. ಇಷ್ಟು ಹಳೆಯ ಮನೆತನಕ್ಕೇ ಇಷ್ಟು ಸಂದಿಗ್ಧವಿದ್ದರೆ ಹೊಸದಾಗಿ ಒಲೆ ಹೂಡಿದವರ ಗತಿಯೇನು?

ಬರೆದುದೆಲ್ಲವೂ ತಾನಾಗಿಯೇ ಕಾಯುತ್ತದೆಂದೂ ನಾವು ಮೋಸಹೋಗಬಾರದು. ಪಾಕಿಸ್ತಾನದ 1973ರ ರಾಜ್ಯಾಂಗವು ಬಲಾತ್ಕಾರದಿಂದ ತನ್ನನ್ನು ಕಿತ್ತೊಗೆಯುವುದನ್ನು ರಾಜದ್ರೋಹವೆಂದು ಸಾರಿತು. ಆದರೂ 1977ರಲ್ಲಿ ಮತ್ತು 1999ರಲ್ಲಿ ಸೇನಾಪತಿಗಳು ಅಧಿಕಾರ ಹಿಡಿದರು. ನಮ್ಮಲ್ಲಿಯೂ 1975ರ ಜೂನ್ ತಿಂಗಳಲ್ಲಿ ಮಂತ್ರಿಮಂಡಲ ಕೂಡುವ ಮೊದಲೇ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಗಳ ಸಹಿ ಬಿದ್ದಿತು. ಆದರೆ ನಮಗೆ ತಿದ್ದಿಕೊಳ್ಳಲು ಒಂದು ಪತ್ರವಿತ್ತು. 1978ರ ನಾಲ್ವತ್ತನಾಲ್ಕನೆಯ ತಿದ್ದುಪಡಿಯಲ್ಲಿ, ಮಂತ್ರಿಮಂಡಲದ ತೀರ್ಮಾನ ಬರವಣಿಗೆಯಲ್ಲಿ ಬಂದಲ್ಲದೆ ಅಂಥ ಘೋಷಣೆ ಕೂಡದೆಂದು ಸೇರಿಸಿದರು. ಬರಹವಿದ್ದರೆ ತಪ್ಪು ಎಲ್ಲಾಯಿತೆಂದು ಬೆರಳಿಟ್ಟು ತೋರಿಸಬಹುದು. ತೋರಿಸಿದ ಜಾಗವನ್ನು ತಿದ್ದಬಹುದು. ಜನ ಎಚ್ಚರವಾಗಿರುವ ತನಕ ಆ ಪತ್ರಕ್ಕೆ ಜೀವವಿರುತ್ತದೆ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ದೇಶ ವಿಭಜನೆಯ ನೆತ್ತರು ಆರಿರಲಿಲ್ಲ; ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು; 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಸಮಸ್ಯೆ ತೀರಬೇಕಾಯಿತು. ಈ ಗಲಭೆಯ ನಡುವೆಯೇ ನಮ್ಮ ಹಿರಿಯರು ಕುಳಿತು ಬರೆದರು. ಸೈನ್ಯದ ಪರಮಾಧಿಪತ್ಯ ರಾಷ್ಟ್ರಪತಿಗಳದು, ಅದರ ಚಲಾವಣೆ ಕಾನೂನಿಗೆ ಒಳಪಟ್ಟದ್ದು ಎಂದು 53ನೆಯ ಅನುಚ್ಛೇದದಲ್ಲಿ ಬರೆದರು. ಪ್ರಾಂತಗಳ ಗಡಿಯನ್ನು ಬದಲಾಯಿಸುವ ಮಾರ್ಗವನ್ನು 3ನೆಯ ಅನುಚ್ಛೇದದಲ್ಲಿ ಬರೆದರು. ಈ ಎರಡನೆಯ ಮಾತು ಗಡಿನಾಡಿನವರಾದ ನಮ್ಮನ್ನು ನೇರವಾಗಿ ಮುಟ್ಟುತ್ತದೆ.

1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಪ್ರಾಣ ಬಿಟ್ಟರು, ತೆಲುಗುನಾಡು ಉರಿದೆದ್ದಿತು. 1953ರ ಅಕ್ಟೋಬರ್ 1ರಂದು ಆಂಧ್ರ ಸಂಸ್ಥಾನ ಪಾರ್ಲಿಮೆಂಟಿನ ಕಾನೂನಿನ ಮೂಲಕ ಹುಟ್ಟಿತು. ಆಗಲೇ ಬಳ್ಳಾರಿ ಮೈಸೂರಿಗೆ ಬಂತು; ಆದೋನಿ, ಆಲೂರು, ರಾಯದುರ್ಗಗಳು ಅತ್ತ ಉಳಿದುವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಯಿತು. ಕಾಸರಗೋಡು ಕೇರಳಕ್ಕೆ ಸೇರಿತು. ಅಕ್ಕಲಕೋಟೆ, ಜತ್ತ ಮೊದಲಾದುವು ಮುಂಬಯಿ ರಾಜ್ಯದಲ್ಲಿಯೇ ನಿಂತುವು. ಮಹಾಜನ ಆಯೋಗ 1967ರಲ್ಲಿ ವರದಿಯಿತ್ತಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸಲ್ಲಬೇಕೆಂದಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಮಹಾರಾಷ್ಟ್ರ ಸರ್ಕಾರ 2004ರಲ್ಲಿ ಗಡಿಯ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಈ ಗಡಿಗಳು ನಮಗೆಲ್ಲ ತೃಪ್ತಿ ತಂದಿವೆಯೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಬೀದಿಗಳಲ್ಲಿ ಗಲಭೆಗಳೂ ಆದುವು. ಆದರೂ ಒಂದು ರಾಜ್ಯದ ಪಡೆ ಇನ್ನೊಂದರ ಮೇಲೆ ಏರಿಹೋಗಲಿಲ್ಲ. ಯಾವ ಭಾಷೆಯವರೂ ದೇಶದಿಂದ ಹೊರಗೆ ನೆರವು ಹುಡುಕಬೇಕಾಗಲಿಲ್ಲ. ಆಯೋಗ, ಪಾರ್ಲಿಮೆಂಟು, ನ್ಯಾಯಾಲಯ ಎಂಬ ಬಾಗಿಲುಗಳು ತಡವಾಗಿಯಾದರೂ ತಟ್ಟುವುದಕ್ಕೆ ಇವೆ. ಪೂರ್ವ ಬಂಗಾಳದ ಜನರಿಗೆ ಸಿಕ್ಕದೆ ಹೋದುದು ಇದೇ.

ಗಡಿ ಎಲ್ಲಿಯೇ ಇರಲಿ, ಅದರಾಚೆಯ ಕನ್ನಡಿಗನಿಗೂ ಆ ಪತ್ರದಲ್ಲಿ ಪಾಲಿದೆ. ತನ್ನ ನುಡಿ, ಲಿಪಿ, ಸಂಸ್ಕೃತಿಗಳನ್ನು ಕಾಪಾಡಿಕೊಳ್ಳುವ ಹಕ್ಕು 29ನೆಯ ಅನುಚ್ಛೇದದಲ್ಲಿದೆ. ಸ್ವಂತ ವಿದ್ಯಾಸಂಸ್ಥೆಗಳನ್ನು ನಡೆಸುವ ಹಕ್ಕು 30ರಲ್ಲಿದೆ. ಕಷ್ಟವನ್ನು ಹೇಳಿಕೊಳ್ಳುವ ಅರ್ಜಿಯನ್ನು ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಬಹುದೆಂದು 350 ಹೇಳುತ್ತದೆ. 1956ರ ಏಳನೆಯ ತಿದ್ದುಪಡಿ 350-ಎ ಮತ್ತು 350-ಬಿ ಎಂಬ ಎರಡು ಅನುಚ್ಛೇದಗಳನ್ನು ಸೇರಿಸಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಮೊದಲನೆಯದು ವಿಧಿಸುತ್ತದೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳನ್ನು ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಮಾಡುವ ಅಧಿಕಾರಿಯೊಬ್ಬರು ಇರತಕ್ಕದ್ದೆಂದು ಎರಡನೆಯದು ಹೇಳುತ್ತದೆ. ಆ ಅಧಿಕಾರಿಗೆ ದಂಡಿಸುವ ಶಕ್ತಿಯಿಲ್ಲ. ವರದಿ ಬರೆಯುವ ಶಕ್ತಿ ಮಾತ್ರ. ಆದರೆ ನಾವು ಬರೆದು ತಿಳಿಸದಿದ್ದರೆ ಆ ವರದಿಯಲ್ಲಿ ನಮ್ಮೂರಿನ ಹೆಸರೇ ಬರುವುದಿಲ್ಲ.

ಆದುದರಿಂದ ತಮ್ಮಲ್ಲಿ ನಮ್ಮ ಬಿನ್ನಹವಿಷ್ಟೇ. ಈ ಅನುಚ್ಛೇದಗಳನ್ನು ಪ್ರತಿ ಊರಿನ ಶಾಲೆಯಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಭಜನಾಮಂದಿರದಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಿರಿ. ಕನ್ನಡ ಶಾಲೆಗೆ ಉಪಾಧ್ಯಾಯರಿಲ್ಲದಿದ್ದರೆ, ಕನ್ನಡ ಬಾರದವರನ್ನು ಕಳುಹಿಸಿದ್ದರೆ, ಕಚೇರಿಯಲ್ಲಿ ಕನ್ನಡ ಅರ್ಜಿಯನ್ನು ಹಿಂದಿರುಗಿಸಿದರೆ, ಆವೇಶದಿಂದ ಕೂಗಾಡುವ ಬದಲು ತಾರೀಖು ಹಾಕಿ ಬರೆಯಿರಿ; ಅನುಚ್ಛೇದದ ಸಂಖ್ಯೆಯನ್ನು ನಮೂದಿಸಿರಿ; ಒಂದು ನಕಲನ್ನು ಮನೆಯ ಪೆಟ್ಟಿಗೆಯಲ್ಲಿ ಪಹಣಿಪತ್ರಗಳ ಜೊತೆಗೇ ಇಡಿರಿ. ನೆರೆಯ ಮಲಯಾಳಿ, ತಮಿಳ, ತೆಲುಗ, ಮರಾಠಿ ಬಂಧುಗಳೊಡನೆ ಸ್ನೇಹವಾಗಿರಿ. ಅವರ ನುಡಿಯನ್ನೂ ಕಲಿಯಿರಿ. ನಮ್ಮ ಹಕ್ಕು ಅವರ ಔದಾರ್ಯದ ಮೇಲೂ ನಿಂತಿಲ್ಲ, ನಮ್ಮ ಕೋಪದ ಮೇಲೂ ನಿಂತಿಲ್ಲ; ಅವರೂ ನಾವೂ ಕೂಡಿ ಒಪ್ಪಿದ ಒಂದು ಬರಹದ ಮೇಲೆ ನಿಂತಿದೆ.

ಗಡಿಯಲ್ಲಿರುವ ಯೋಧನು ತನ್ನ ಕೋವಿಯಿಂದ ಈ ರಾಷ್ಟ್ರವನ್ನು ಕಾಯುತ್ತಾನೆ. ಗಡಿನಾಡಿನ ರೈತನು ತನ್ನ ನ್ಯಾಯವನ್ನು ಅರ್ಜಿಯ ಮೂಲಕ ಕೇಳಿ, ಅದನ್ನು ಕೇಳಿಸಿಕೊಳ್ಳುವಂತೆ ಅಧಿಕಾರಿಗಳನ್ನು ಒತ್ತಾಯಿಸಿದಾಗ, ಅವನೂ ಅದೇ ರಾಷ್ಟ್ರವನ್ನು ಕಾಯುತ್ತಾನೆ.